ಮಗು ನೋಡುತ್ತದೆ, ಆದರೆ ವೇಗ ಕಾಣುತ್ತದೆಯೇ?

(ಪೋಷಕರ ಸಭೆಯಲ್ಲಿ ಮಾಡಿದ ಭಾಷಣ)



ಮಕ್ಕಳನ್ನು ಶಾಲೆಗೆ ಕಳುಹಿಸುವಾಗ ನಾವೆಲ್ಲರೂ ಹೇಳುವ ಮಾತು, "ನೋಡಿಕೊಂಡು ರಸ್ತೆ ದಾಟು" ಎಂಬುದು. ಎರಡು ಭಾಷೆ ಕಲಿಸುವ ನನಗೆ ಇಲ್ಲೊಂದು ಸೂಕ್ಷ್ಮ ಹೊಳೆಯುತ್ತದೆ. ಕನ್ನಡದಲ್ಲಿ 'ನೋಡು' ಬೇರೆ, 'ಕಾಣು' ಬೇರೆ. ಉರ್ದುವಿನಲ್ಲಿಯೂ 'ದೇಖ್‌ನಾ' ಬೇರೆ, 'ನಜರ್ ಆನಾ' ಬೇರೆ. ಮಗು ನೋಡುತ್ತದೆ, ನಿಜ. ಆದರೆ ಬರುತ್ತಿರುವ ವಾಹನದ ವೇಗ ಅದಕ್ಕೆ ಕಾಣುತ್ತದೆಯೇ?

ಚಲನೆಯನ್ನು ಕಾಣುವುದು ಬರೀ ಕಣ್ಣಿನ ಕೆಲಸವಲ್ಲ. ಬಸ್ರಾ ಮೂಲದ ವಿಜ್ಞಾನಿ ಇಬ್ನುಲ್ ಹೈಸಮ್ ಸುಮಾರು ಸಾವಿರ ವರ್ಷಗಳ ಹಿಂದೆಯೇ 'ಕಿತಾಬುಲ್ ಮನಾಜಿರ್' ಗ್ರಂಥದಲ್ಲಿ ಇದನ್ನು ಚರ್ಚಿಸಿದ್ದರು. ವಸ್ತುವಿನ ಸ್ಥಾನವನ್ನು ಬೇರೆ ವಸ್ತುಗಳೊಡನೆ ಹೋಲಿಸಿ ನಾವು ಚಲನೆಯನ್ನು ಅರಿಯುತ್ತೇವೆ, ಅದಕ್ಕೆ ಸ್ವಲ್ಪ ಕಾಲವೂ ಬೇಕು ಎಂದರು. ಸಿನಿಮಾ ತೆರೆಯ ಮೇಲೆ ಬರುವುದು ಸೆಕೆಂಡಿಗೆ 24 ನಿಶ್ಚಲ ಚಿತ್ರಗಳು. ಅವುಗಳಿಂದ ಓಟವನ್ನು ಕಟ್ಟುವುದು ನಮ್ಮ ಮೆದುಳು.

ಮೆದುಳಿನಲ್ಲಿ ಚಲನೆಯನ್ನು ಅರಿಯುವುದಕ್ಕೆ ವಿಶೇಷವಾದ ಭಾಗವಿದೆ. ಅದು ಹಾನಿಗೊಂಡ ಒಬ್ಬ ಮಹಿಳೆಯ ಸ್ಥಿತಿಯನ್ನು ಜರ್ಮನಿಯ ಸಂಶೋಧಕರು 1983ರಲ್ಲಿ ಪ್ರಕಟಿಸಿದರು. ಆಕೆಗೆ ಬಣ್ಣ, ಆಕಾರ ಎಲ್ಲವೂ ಕಾಣುತ್ತಿತ್ತು. ಆದರೆ ಚಹಾ ಸುರಿಯುವಾಗ ಅದು ಹೆಪ್ಪುಗಟ್ಟಿದಂತೆ ತೋರುತ್ತಿತ್ತು, ಲೋಟ ತುಂಬಿದ್ದು ತಿಳಿಯುತ್ತಿರಲಿಲ್ಲ. ದೂರದಲ್ಲಿದ್ದ ಕಾರು ಮರುಗಳಿಗೆ ಎದುರಿಗೇ ಇರುತ್ತಿತ್ತು.

ಇನ್ನು ನಮ್ಮ ರಸ್ತೆಗೆ ಬರೋಣ. ನೇರವಾಗಿ ನಮ್ಮತ್ತ ಬರುವ ವಾಹನ ಪಕ್ಕಕ್ಕೆ ಸರಿದಂತೆ ಕಾಣುವುದಿಲ್ಲ, ದೊಡ್ಡದಾಗುತ್ತಾ ಬರುತ್ತದೆ ಅಷ್ಟೆ. 20 ಮೀಟರ್ ದೂರದ ಕಾರು 10 ಮೀಟರ್ ಮುಂದೆ ಬಂದರೆ ಕಣ್ಣಿನಲ್ಲಿ ಅದರ ಬಿಂಬ ಇಮ್ಮಡಿಯಾಗುತ್ತದೆ. 100 ಮೀಟರ್ ದೂರದ ಕಾರು ಅಷ್ಟೇ ಮುಂದೆ ಬಂದರೆ ಹಿಗ್ಗುವುದು ಒಂಬತ್ತನೇ ಒಂದು ಪಾಲು ಮಾತ್ರ. ಐದು ಸೆಕೆಂಡಿನಲ್ಲಿ ನಮ್ಮನ್ನು ತಲುಪಲಿರುವ ವಾಹನ ಗಂಟೆಗೆ 30 ಕಿ.ಮೀ. ವೇಗದ್ದಾದರೆ ಈಗ ಸುಮಾರು 42 ಮೀಟರ್ ದೂರದಲ್ಲಿರುತ್ತದೆ, 60 ಕಿ.ಮೀ. ವೇಗದ್ದಾದರೆ ಸುಮಾರು 83 ಮೀಟರ್. ದೂರ ಹೆಚ್ಚಿದಷ್ಟೂ ಬಿಂಬ ಚಿಕ್ಕದು, ಅದು ಹಿಗ್ಗುವುದೂ ನಿಧಾನ. ಹೀಗಾಗಿ ಅತಿ ವೇಗದ ವಾಹನವೇ ನಿಂತಂತೆ ತೋರುವುದು! ಬೈಕಿನ ಬಿಂಬವಂತೂ ಇನ್ನೂ ಕಿರಿದು.

ಲಂಡನ್ ವಿಶ್ವವಿದ್ಯಾಲಯದ ರಾಯಲ್ ಹಾಲೋವೇ ಕಾಲೇಜಿನ ಸಂಶೋಧಕರು 2011ರಲ್ಲಿ ಈ ಕುರಿತ ಅಧ್ಯಯನ ಪ್ರಕಟಿಸಿದರು. ಐದು ಸೆಕೆಂಡಿನಷ್ಟು ದೂರದಲ್ಲಿರುವ ವಾಹನ ಗಂಟೆಗೆ ಸುಮಾರು 32 ಕಿ.ಮೀ.ಗಿಂತ ವೇಗವಾಗಿದ್ದರೆ, ಅದು ಹತ್ತಿರ ಬರುತ್ತಿದೆ ಎಂಬುದನ್ನು ಪ್ರಾಥಮಿಕ ಶಾಲಾ ಮಕ್ಕಳು ಖಚಿತವಾಗಿ ಗುರುತಿಸಲಾರರು. ವಯಸ್ಕರು ಸುಮಾರು 80 ಕಿ.ಮೀ.ವರೆಗೂ ಗುರುತಿಸಬಲ್ಲರು.

ಆದುದರಿಂದ "ನಿನಗೆ ಕಣ್ಣಿಲ್ಲವೇ?" ಎಂದು ಮಗುವನ್ನು ಗದರಿಸುವ ಮುನ್ನ ಯೋಚಿಸೋಣ. ಕಣ್ಣಿದೆ, ಆ ಸಾಮರ್ಥ್ಯ ಇನ್ನೂ ಬಲಿತಿಲ್ಲ. ಅದು ಮಗುವಿನ ಉಡಾಫೆಯಲ್ಲ. ಚಿಕ್ಕ ಮಕ್ಕಳ ಕೈ ಹಿಡಿದೇ ರಸ್ತೆ ದಾಟಿಸೋಣ. ದೊಡ್ಡ ಮಕ್ಕಳಿಗೆ ವೇಗವನ್ನು ಊಹಿಸುವುದಕ್ಕಿಂತ ವಾಹನ ದಾಟಿಹೋಗುವವರೆಗೆ ಕಾಯುವುದನ್ನು ಕಲಿಸೋಣ. ಶಾಲೆಯ ಮುಂದೆ ಗಾಡಿ ಓಡಿಸುವವರು ನಾವೇ ತಾನೇ? ಅಲ್ಲಿ ವೇಗ 30 ಕಿ.ಮೀ. ಮೀರದಿರಲಿ. ಮಗುವಿಗೆ ಕಾಣದ್ದನ್ನು ಕಾಣಬೇಕಾದವರು ಹಿರಿಯರಾದ ನಾವು.