ಗಿನಿಪಿಗ್ ಸೀನಿದರೆ ನೆಗಡಿ ಅಂತ ಸುಮ್ಮನಿರಬೇಡಿ

ಇವತ್ತಿನ ಎಪಿಸೋಡಲ್ಲಿ ನಾನು ಮಾಡಿದ ಒಂದು ತಪ್ಪಿನ ಬಗ್ಗೆ ಹೇಳ್ತೀನಿ. ಗಿನಿಪಿಗ್ ಸಾಕಿರೋ ಗೆಳೆಯರು ಯಾರಾದರೂ ಇದ್ದರೆ ಅವರಿಗೂ ಇದನ್ನ ಕಳಿಸಿ.

ನಮ್ಮೂರು ಸಾದಲಿ, ಶಿಡ್ಲಘಟ್ಟ ತಾಲ್ಲೂಕು. ನಮ್ಮ ಕಡೆ ಸಾಕೋದು ಅಂದ್ರೆ ಹಸು, ಕುರಿ, ಕೋಳಿ, ಆಮೇಲೆ ರೇಷ್ಮೆಹುಳ. ತಂಗಿ ಹಟ ಮಾಡಿದಳು ಅಂತ ಬೆಂಗಳೂರಿಂದ ಎರಡು ಗಿನಿಪಿಗ್ ತಂದೆ. ಒಂದರ ಹೆಸರು ಅವರೆ, ಇನ್ನೊಂದು ರಾಗಿ. ಅಜ್ಜಿ ನೋಡಿದ ತಕ್ಷಣ ಹೇಳಿದ್ದು, "ಇದ್ಯಾವ ಇಲಿನೋ, ಬಾಲಾನೇ ಇಲ್ಲ!" ಆದ್ರೆ ಒಂದು ವಾರದಲ್ಲಿ ಕೊತ್ತಂಬರಿ ಸೊಪ್ಪು ಬಿಡಿಸಿ ತಿನ್ನಿಸೋಕೆ ಶುರು ಮಾಡಿದವರೂ ಅಜ್ಜಿನೇ.

ಡಿಸೆಂಬರ್ ಚಳಿಯಲ್ಲಿ ಒಂದು ಸಂಜೆ ಅವರೆ ನಾಲ್ಕೈದು ಸಲ ಸೀನಿತು. ನೆಗಡಿ ಇರಬೇಕು ಅಂದುಕೊಂಡೆ. ಮಾರನೇ ದಿನ ಮೂಗು ಒದ್ದೆ, ಕಣ್ಣಲ್ಲಿ ಗೀಜು. ಸೌತೆಕಾಯಿ ಕೊಟ್ಟರೆ ಮೂಸಿ ಬಿಟ್ಟುಬಿಡ್ತು. ಅಜ್ಜಿ ಆಗಲೇ ಹೇಳಿದರು, "ಜ್ವರಕ್ಕೆ ಕೂತಾಗ ಬಿಟ್ಟು ಬೇರೆ ಹೊತ್ತಲ್ಲಿ ಹುಳ ಸೊಪ್ಪು ಬಿಟ್ರೆ ಕಾಯಿಲೆ ಬಂತು ಅಂತ ಲೆಕ್ಕ. ಇದಕ್ಕೂ ಹಂಗೇ ಕಣೋ." ನಾನು ಕೇಳಲಿಲ್ಲ. ನನಗೆ ಗಂಟಲು ನೋವು ಬಂದಾಗ ತಂದಿದ್ದ ಅಮಾಕ್ಸಿಸಿಲಿನ್ ಮಾತ್ರೆ ಉಳಿದಿತ್ತು. ಅದರಲ್ಲಿ ಒಂದು ಚೂರು ಪುಡಿ ಮಾಡಿ ನೀರಲ್ಲಿ ಕದಡಿ ಕುಡಿಸಿದೆ. ಎರಡು ದಿನ ಕೊಟ್ಟೆ. ಭೇದಿ ಶುರುವಾಯ್ತು. ಮೂರನೇ ದಿನ ಬೆಳಿಗ್ಗೆ ಎದ್ದು ನೋಡಿದರೆ ಅವರೆ ತಣ್ಣಗಾಗಿತ್ತು.

ಅದೇ ವಾರ ರಾಗಿನೂ ಸೀನೋಕೆ ಶುರು ಮಾಡಿತು. ಊರಲ್ಲಿ ಹಸು, ಕುರಿ ನೋಡೋ ಡಾಕ್ಟರು, "ನಾನು ಇದನ್ನ ನೋಡಿ ಅಭ್ಯಾಸ ಇಲ್ಲ, ಸುಮ್ನೆ ಏನೋ ಕೊಡಲ್ಲ, ಬೆಂಗಳೂರಿಗೆ ಕರ್ಕೊಂಡು ಹೋಗಪ್ಪ" ಅಂದರು. ಆ ಮಾತಿಗೆ ನಾನು ಇವತ್ತಿಗೂ ಋಣಿ. ರಟ್ಟಿನ ಪೆಟ್ಟಿಗೆಗೆ ತೂತು ಮಾಡಿ, ಹಳೇ ಟವೆಲ್ ಹಾಸಿ, ವಿಜಯಪುರ, ದೇವನಹಳ್ಳಿ ದಾರಿಯಲ್ಲಿ ಬಸ್ಸಲ್ಲಿ ಹೊರಟೆ. ಪುಟ್ಟ ಪ್ರಾಣಿಗಳನ್ನ ನೋಡೋ ಡಾಕ್ಟರ ಮುಂದೆ ಕೂತು ಅವರೆಯ ವಿಷಯಾನೂ ಹೇಳಿದೆ. ಅವರು ಬೈಯಲಿಲ್ಲ. "ಸೋಂಕಿಂದ ಹೋಯ್ತೋ ಮಾತ್ರೆಯಿಂದ ಹೋಯ್ತೋ ಈಗ ಹೇಳೋಕೆ ಆಗಲ್ಲ. ಆದ್ರೆ ಆ ಮಾತ್ರೆ ಕೊಡಬಾರದಿತ್ತು" ಅಂದರು, ಅಷ್ಟೇ.

ಯಾಕೆ ಕೊಡಬಾರದು? ಗಿನಿಪಿಗ್ ಹೊಟ್ಟೆಯಲ್ಲಿ ಹುಲ್ಲು ಜೀರ್ಣ ಮಾಡೋ ಒಳ್ಳೆ ಬ್ಯಾಕ್ಟೀರಿಯಾಗಳು ಇರ್ತವೆ. ಪೆನಿಸಿಲಿನ್, ಆಂಪಿಸಿಲಿನ್, ಅಮಾಕ್ಸಿಸಿಲಿನ್ ಬಾಯಿಗೆ ಹಾಕಿದರೆ ಅವು ಸಾಯ್ತವೆ. ಆ ಜಾಗದಲ್ಲಿ ವಿಷ ಬಿಡೋ ಬ್ಯಾಕ್ಟೀರಿಯಾ ಬೆಳೆದು ಕೆಲವೇ ದಿನದಲ್ಲಿ ಜೀವ ಹೋಗಬಹುದು. ನಮಗೆ ದಿನನಿತ್ಯದ ಔಷಧಿ, ಅದಕ್ಕೆ ವಿಷ. ಗಿನಿಪಿಗ್‌ಗೆ ಹೊಂದೋ ಆಂಟಿಬಯೋಟಿಕ್ ಬೇರೆ ಇವೆ. ಯಾವುದು, ಎಷ್ಟು ಅನ್ನೋದನ್ನ ತೂಕ ನೋಡಿ ಡಾಕ್ಟರೇ ಹೇಳಬೇಕು. ನನ್ನಿಂದಲೂ ಕೇಳಬೇಡಿ, ಗೂಗಲ್‌ನಿಂದಲೂ ಬೇಡ.

ಎರಡನೇ ವಿಷಯ ಊಟ. ಗಿನಿಪಿಗ್ ಹೊಟ್ಟೆ ಸದಾ ಓಡ್ತಾ ಇರಬೇಕು. ಮೂಗು ಕಟ್ಟಿದರೆ ತಿನ್ನೋದು ಬಿಡುತ್ತೆ, ಒಂದು ದಿನ ತಿನ್ನದಿದ್ದರೂ ಪರಿಸ್ಥಿತಿ ಕೈ ಮೀರಬಹುದು. ಹುಲ್ಲಿನ ಪೆಲ್ಲೆಟ್‌ನ ಬಿಸಿನೀರಲ್ಲಿ ನೆನೆಸಿ ಗಂಜಿ ಥರ ಮಾಡಿ, ಆರಿಸಿ, ಸೂಜಿ ಇಲ್ಲದ ಸಿರಿಂಜಲ್ಲಿ ಬಾಯಿಯ ಪಕ್ಕದಿಂದ ಸ್ವಲ್ಪ ಸ್ವಲ್ಪವೇ ಕೊಡೋದನ್ನ ಡಾಕ್ಟರು ಮಾಡಿ ತೋರಿಸಿದರು. ಅಂಗಾತ ಮಲಗಿಸಿ ಕುಡಿಸಬಾರದು, ಶ್ವಾಸಕೋಶಕ್ಕೆ ಹೋಗುತ್ತೆ. ರಾತ್ರಿ ಎರಡು ಗಂಟೆಗೆ ಅಲಾರಂ ಇಟ್ಟು ನಾನೂ ತಂಗಿನೂ ಸರದಿ ಮೇಲೆ ಎದ್ದು ತಿನ್ನಿಸಿದೆವು.

ಮೂರನೇದು ಸಿ ವಿಟಮಿನ್. ಮನುಷ್ಯರ ಥರಾನೇ ಗಿನಿಪಿಗ್ ದೇಹಾನೂ ಇದನ್ನ ತಾನೇ ತಯಾರಿಸಲ್ಲ. 1907ರಲ್ಲಿ ನಾರ್ವೆಯ ಹೋಲ್ಸ್ಟ್, ಫ್ರೋಲಿಕ್ ಅನ್ನೋ ಇಬ್ಬರು ವಿಜ್ಞಾನಿಗಳು ಗಿನಿಪಿಗ್‌ಗಳಿಗೆ ಬರೀ ಧಾನ್ಯ ಕೊಟ್ಟು ನೋಡಿದಾಗ ಅವುಗಳಿಗೆ ಸ್ಕರ್ವಿ ಬಂತು. ಸಿ ವಿಟಮಿನ್ ಪತ್ತೆ ಆಗೋ ದಾರಿ ತೆರೆದದ್ದು ಹಾಗೆ. ಇದು ಕಮ್ಮಿಯಾದರೆ ಸೋಂಕಿನ ವಿರುದ್ಧ ಹೋರಾಡೋ ಶಕ್ತಿ ಕುಗ್ಗುತ್ತೆ. ದಪ್ಪ ಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು ದಿನಾ ಕೊಡಿ, ಸೀಬೆಹಣ್ಣು ಒಂದು ಚೂರು ಸಾಕು. ನೀರಿಗೆ ಡ್ರಾಪ್ಸ್ ಹಾಕಿದರೆ ಬೇಗ ಸತ್ವ ಕಳ್ಕೊಳ್ಳುತ್ತೆ.

ಇನ್ನು ಗೂಡು. ನಮ್ಮ ಗೂಡು ಇದ್ದದ್ದು ಹುಳದ ಮನೆ ಪಕ್ಕದಲ್ಲಿ. ಬೆಳೆಗೆ ಮುಂಚೆ ಬ್ಲೀಚಿಂಗ್ ಪೌಡರ್ ಹಾಕಿ ತೊಳೀತಾರಲ್ಲ, ಆ ಘಾಟು ಇದಕ್ಕೆ ಆಗಲ್ಲ. ಕೆಳಗೆ ಹಾಸಿದ್ದು ಮರದ ಮಿಲ್ಲಿನ ಹೊಟ್ಟು, ಬರೀ ಧೂಳು. ಮೂತ್ರ ನಿಂತರೆ ಅಮೋನಿಯಾ ವಾಸನೆ, ಅದೂ ಶ್ವಾಸಕ್ಕೆ ಕೆಟ್ಟದ್ದು. ಈಗ ಗೂಡು ನಡುಮನೆಗೆ ಬಂದಿದೆ, ನೇರ ಗಾಳಿ ಬೀಸಲ್ಲ, ಬಟ್ಟೆ ಹಾಸ್ತೀವಿ, ದಿನಾ ಬದಲಾಯಿಸ್ತೀವಿ. ಮೊಲದ ಜೊತೆ ಒಂದೇ ಗೂಡಲ್ಲಿ ಬಿಡಬೇಡಿ. ಮೊಲ, ನಾಯಿಗಳು ಏನೂ ಆಗದವರ ಥರ ಇದ್ದರೂ ಬೋರ್ಡೆಟೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಹೊತ್ತಿರಬಹುದು. ಗಿನಿಪಿಗ್‌ಗೆ ಅದರಿಂದ ನ್ಯುಮೋನಿಯಾ ಬರುತ್ತೆ.

ನಾನು ಬಿಕಾಂ ಓದಿದವನು, ನನಗೆ ಬರೋದು ಲೆಕ್ಕ. ಅಡುಗೆಮನೆ ತಕ್ಕಡಿಯಲ್ಲಿ ದಿನಾ ಬೆಳಿಗ್ಗೆ ರಾಗಿಯನ್ನ ತೂಗಿ ನೋಟ್‌ಬುಕ್ಕಲ್ಲಿ ಬರೆದೆ. ಚೆನ್ನಾಗಿದ್ದಾಗ 820 ಗ್ರಾಂ, ಆಸ್ಪತ್ರೆಗೆ ಹೋದ ದಿನ 740. ಆಮೇಲೆ 735, 738, 751. ಆ 738 ಬಂದ ಬೆಳಿಗ್ಗೆ ತಂಗಿ ಅತ್ತುಬಿಟ್ಟಳು. ಮೂರು ಗ್ರಾಂ ಲಾಭಕ್ಕೆ ಅಷ್ಟು ಖುಷಿಪಟ್ಟದ್ದು ನನ್ನ ಜೀವನದಲ್ಲಿ ಅದೇ ಮೊದಲು.

ಗಿನಿಪಿಗ್ ಕಾಯಿಲೆಯನ್ನ ಬಚ್ಚಿಡುತ್ತೆ. ಬೇಟೆಗೆ ಸಿಗೋ ಪ್ರಾಣಿ, ಅದರ ಸ್ವಭಾವಾನೇ ಅದು. ನಮಗೆ ಕಾಣೋ ಹೊತ್ತಿಗೆ ತಡ ಆಗಿರುತ್ತೆ. ತಿನ್ನೋದು ಬಿಟ್ಟರೆ, ಉಸಿರಲ್ಲಿ ಟಿಕ್ ಟಿಕ್ ಸದ್ದು ಬಂದರೆ, ಪಕ್ಕೆ ಜೋರಾಗಿ ಏರಿಳಿದರೆ ಅವತ್ತೇ ಹೊರಡಿ. ಬಾಯಿ ತೆರೆದು ಉಸಿರಾಡ್ತಿದ್ದರೆ ಒಂದು ಗಂಟೆನೂ ಕಾಯಬೇಡಿ. ಹತ್ತಿರ ಯಾರು ನೋಡ್ತಾರೆ ಅಂತ ಪ್ರಾಣಿ ತರೋ ದಿನವೇ ವಿಚಾರಿಸಿ, ನಂಬರ್ ಫೋನಲ್ಲಿ ಸೇವ್ ಮಾಡಿಟ್ಟುಕೊಳ್ಳಿ. ನಾನು ಆ ಕೆಲಸ ಮಾಡಿದ್ದು ಅವರೆ ಹೋದ ಮೇಲೆ.

ರಾಗಿ ಈಗ ಚೆನ್ನಾಗಿದೆ. ಒಂಟಿ ಇರಬಾರದು ಅಂತ ಜೊತೆಗೆ ಇನ್ನೊಂದು ಬಂದಿದೆ. ಅದಕ್ಕೆ ಅಜ್ಜಿನೇ ಹೆಸರಿಟ್ಟಿದ್ದು, ಹುರುಳಿ.