ಅತಿಥಿ ಮಾರ್ಜಾಲದ ಅಜೀರ್ಣ

ಬೆಕ್ಕು ನಮ್ಮ ಸಾಹಿತ್ಯಕ್ಕೆ ಹೊಸ ಪ್ರಾಣಿಯಲ್ಲ. ಪಂಚತಂತ್ರದಲ್ಲಿ ಅದು ಕಪಟ ತಪಸ್ವಿಯಾಗಿ ಕುಳಿತಿದೆ. ತೆನಾಲಿ ರಾಮಕೃಷ್ಣನ ಕಥೆಯಲ್ಲಿ ರಾಜಸಭೆಯನ್ನೇ ನಗಿಸಿದೆ. ಗಾದೆಗಳಲ್ಲಿ ಕಣ್ಣು ಮುಚ್ಚಿ ಹಾಲು ಕುಡಿದಿದೆ, ಇಲಿಯ ಪ್ರಾಣಸಂಕಟದ ಮುಂದೆ ಚೆಲ್ಲಾಟವಾಡಿದೆ. ಆದರೆ ಆ ಬೆಕ್ಕಿಗೇ ಹೊಟ್ಟೆ ಕೆಟ್ಟರೆ ಮಾಡಬೇಕಾದುದೇನು ಎಂಬುದನ್ನು ಯಾವ ಕವಿಯೂ ಹೇಳಿದಂತೆ ಕಾಣೆ. ವಿಷಯ ಅಲ್ಪವೆಂದು ಶ್ರೋತೃಗಳಲ್ಲಿ ಕೆಲವರಿಗೆ ತೋರಬಹುದು. ಬಾಯಿಲ್ಲದ ಜೀವವೊಂದು ಮನೆಯ ಮೂಲೆಯಲ್ಲಿ ಮುದುರಿ ಕುಳಿತು, ಮುಂದಿಟ್ಟ ತಟ್ಟೆಯ ಕಡೆ ತಿರುಗಿಯೂ ನೋಡದಿರುವಾಗ ಅದು ಅಲ್ಪವಾಗಿ ತೋರುವುದಿಲ್ಲ.

ನಾನಿಂದು ಹೇಳಹೊರಟಿರುವುದು ಸ್ವಂತ ಬೆಕ್ಕಿನ ಮಾತಲ್ಲ, ಸಾಕಿಗೆ ಬಂದ ಬೆಕ್ಕಿನ ಮಾತು. ಈಚಿನ ವರ್ಷಗಳಲ್ಲಿ ನಮ್ಮ ನಗರಗಳಲ್ಲಿ ಒಂದು ಒಳ್ಳೆಯ ಪದ್ಧತಿ ಬೆಳೆದುಬಂದಿದೆ. ಬೀದಿಯಲ್ಲಿ ಸಿಕ್ಕಿದ ಮರಿಯನ್ನೋ, ಮನೆಯವರು ತೊರೆದುಹೋದ ಬೆಕ್ಕನ್ನೋ, ಅದಕ್ಕೆ ಶಾಶ್ವತವಾದ ಮನೆ ದೊರಕುವವರೆಗೆ ಒಂದು ಕುಟುಂಬ ಕೆಲವು ವಾರಗಳ ಮಟ್ಟಿಗೆ ಇಟ್ಟುಕೊಂಡು ಪಾಲಿಸುತ್ತದೆ. ಬೆಂಗಳೂರಿನಲ್ಲಿ ೧೯೯೧ರಲ್ಲಿ ಆರಂಭವಾದ ಕ್ಯೂಪಾದಂಥ ಸಂಸ್ಥೆಗಳ ಜೊತೆಗೆ, ಯಾವ ಸಂಸ್ಥೆಗೂ ಸೇರದ ಎಷ್ಟೋ ಯುವಕ ಯುವತಿಯರೂ ಇಂಥ ಪ್ರಾಣಿಗಳ ರಕ್ಷಣೆಯಲ್ಲಿ ತೊಡಗಿದ್ದಾರೆ. ಹೀಗೆ ಬಂದ ಬೆಕ್ಕು ನಮ್ಮದಲ್ಲ; ಪರರದೂ ಅಲ್ಲ. ಕಾಳಿದಾಸನ ಕಣ್ವರು ಮಗಳನ್ನು ಗಂಡನ ಮನೆಗೆ ಕಳುಹಿಸಿದ ಮೇಲೆ, ಯಾರೋ ಒಪ್ಪಿಸಿದ್ದ ನ್ಯಾಸವನ್ನು ಮರಳಿ ಕೊಟ್ಟವನ ನೆಮ್ಮದಿಯನ್ನು ಅನುಭವಿಸುತ್ತಾರಷ್ಟೆ. ಸಾಕಿಗೆ ಬಂದ ಬೆಕ್ಕೂ ಅಂಥದೊಂದು ನ್ಯಾಸ. ಅದನ್ನು ಬಂದುದಕ್ಕಿಂತ ಚೆನ್ನಾದ ಸ್ಥಿತಿಯಲ್ಲಿ ಒಪ್ಪಿಸುವುದು ಇಟ್ಟುಕೊಂಡವರ ಧರ್ಮ. ಆ ಧರ್ಮಕ್ಕೆ ಮೊದಲ ವಾರದಲ್ಲಿಯೇ ಎದುರಾಗುವ ಪರೀಕ್ಷೆಯೆಂದರೆ ಬೆಕ್ಕಿನ ಭೇದಿ.

ಇದಕ್ಕೆ ಕಾರಣ ಹಲವು ವೇಳೆ ನಮ್ಮ ಅನಾದರವಲ್ಲ, ಅತ್ಯಾದರ. ಹೊಸ ಬೆಕ್ಕು ಮನೆಗೆ ಬಂತೆಂದರೆ ಅಜ್ಜಿ ಒಂದು ಬಟ್ಟಲು ಹಾಲು ಇಡುತ್ತಾರೆ. ಮೊಮ್ಮಗ ತನ್ನ ಬಿಸ್ಕತ್ತಿನಲ್ಲಿ ಪಾಲು ಕೊಡುತ್ತಾನೆ. ಸೊಸೆ ಮೊಸರನ್ನ ಕಲಸುತ್ತಾಳೆ. ಮಗ ಸಂಜೆ ಅಂಗಡಿಯಿಂದ ಬಣ್ಣದ ಪೊಟ್ಟಣವೊಂದನ್ನು ತರುತ್ತಾನೆ. ಎಲ್ಲರದೂ ಪ್ರೀತಿಯೇ, ಎಲ್ಲವೂ ಸೇರುವುದು ಒಂದೇ ಹೊಟ್ಟೆಗೆ. ಪ್ರಾಣಿಯ ಕರುಳಿನಲ್ಲಿ ವಾಸಿಸುವ ಕೋಟ್ಯಂತರ ಸೂಕ್ಷ್ಮಜೀವಿಗಳು ಅದು ದಿನವೂ ತಿನ್ನುವ ಆಹಾರಕ್ಕೆ ಹೊಂದಿಕೊಂಡಿರುತ್ತವೆ. ಆಹಾರ ಒಮ್ಮೆಲೇ ಬದಲಾದರೆ ಆ ಹೊಂದಿಕೆ ಕದಡುತ್ತದೆ. ಅದರ ಮೇಲೆ ಮನೆ ಹೊಸದು, ವಾಸನೆ ಹೊಸದು, ಮುಖಗಳು ಹೊಸವು. ಪರೀಕ್ಷೆಯ ದಿನ ಬೆಳಿಗ್ಗೆ ಹೊಟ್ಟೆ ಕೆಡಿಸಿಕೊಳ್ಳುವ ವಿದ್ಯಾರ್ಥಿಗಳನ್ನು ನನ್ನ ಅಧ್ಯಾಪನ ಕಾಲದಲ್ಲಿ ಬೇಕಾದಷ್ಟು ಕಂಡಿದ್ದೇನೆ. ಭಯಕ್ಕೂ ಕರುಳಿಗೂ ಇರುವ ಆ ನಂಟು ಬೆಕ್ಕಿಗೂ ತಪ್ಪಿದ್ದಲ್ಲ.

ಮೊದಲು ಹಾಲಿನ ಮಾತನ್ನು ಎತ್ತಿಕೊಳ್ಳೋಣ. ಕೃಷ್ಣದೇವರಾಯ ಪ್ರಜೆಗಳಿಗೆ ಬೆಕ್ಕುಗಳನ್ನು ಹಂಚಿ, ಅವುಗಳ ಹಾಲಿಗೆಂದು ಹಸುಗಳನ್ನೂ ಕೊಟ್ಟನೆಂದೂ, ತೆನಾಲಿ ರಾಮಕೃಷ್ಣ ಮಾತ್ರ ಮೊದಲ ದಿನವೇ ಕುದಿಯುವ ಹಾಲಿಟ್ಟು ತನ್ನ ಬೆಕ್ಕು ಹಾಲು ಕಂಡರೆ ಓಡುವಂತೆ ಮಾಡಿದನೆಂದೂ ಕಥೆ. ಹಾಲು ಬೇಡವೆನ್ನುವ ಬೆಕ್ಕುಂಟೆ ಎಂಬ ನಮ್ಮ ನಂಬಿಕೆಯ ಮೇಲೆಯೇ ಆ ಹಾಸ್ಯ ನಿಂತಿದೆ. ಶರೀರಶಾಸ್ತ್ರ ಮಾತ್ರ ತೆನಾಲಿಯ ಬೆಕ್ಕಿನ ಪಕ್ಷವನ್ನೇ ವಹಿಸುತ್ತದೆ. ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆಯನ್ನು ಒಡೆಯಲು ಲ್ಯಾಕ್ಟೇಸ್ ಎಂಬ ಕಿಣ್ವ ಬೇಕು. ತಾಯಿಯ ಮೊಲೆ ಕುಡಿಯುವ ಮರಿಯಲ್ಲಿ ಅದು ಯಥೇಚ್ಛವಾಗಿರುತ್ತದೆ. ಮೊಲೆ ಬಿಟ್ಟ ಮೇಲೆ ಕಡಮೆಯಾಗುತ್ತ ಹೋಗುತ್ತದೆ. ಜೀರ್ಣವಾಗದ ಸಕ್ಕರೆ ದೊಡ್ಡ ಕರುಳಿಗೆ ಇಳಿದು ನೀರನ್ನು ಎಳೆದುಕೊಳ್ಳುತ್ತದೆ. ಅಲ್ಲಿಯ ಸೂಕ್ಷ್ಮಜೀವಿಗಳು ಅದನ್ನು ಹುಳಿಯಿಸಿ ವಾಯುವನ್ನು ಹುಟ್ಟಿಸುತ್ತವೆ. ಹೊಟ್ಟೆಯುಬ್ಬರ, ಗುಡುಗುಡು ಸದ್ದು, ಕೊನೆಗೆ ಭೇದಿ. ಎಲ್ಲ ಬೆಕ್ಕಿಗೂ ಹೀಗಾಗುವುದಿಲ್ಲ. ಕೆಲವು ಒಂದಿಷ್ಟು ಹಾಲನ್ನು ಅರಗಿಸಿಕೊಂಡಾವು. ಆದರೆ ಇತಿಹಾಸ ತಿಳಿಯದ ಅತಿಥಿಯ ಮೇಲೆ ಆ ಪ್ರಯೋಗವನ್ನು ನಡೆಸುವುದು ವಿವೇಕವಲ್ಲ. ತಬ್ಬಲಿ ಮರಿಗೂ ಹಸುವಿನ ಹಾಲು ಸಲ್ಲದು. ಬೆಕ್ಕಿನ ಮರಿಗಳಿಗೆಂದೇ ತಯಾರಾದ ಹಾಲಿನ ಪುಡಿ ಪಶು ಔಷಧದ ಅಂಗಡಿಗಳಲ್ಲಿ ಸಿಕ್ಕುತ್ತದೆ.

ಇನ್ನು ಮೊಸರನ್ನ. ಇದು ನಮ್ಮಲ್ಲಿ ಎಷ್ಟೋ ಸಸ್ಯಾಹಾರಿ ಮನೆಗಳ ಧರ್ಮಸಂಕಟ. ಪಂಚತಂತ್ರದ ಬೆಕ್ಕು ಹಿಂಸೆಯನ್ನು ಬಿಟ್ಟೆನೆಂದು ಹೇಳಿ ವ್ಯಾಜ್ಯ ತೀರಿಸಿಕೊಳ್ಳಲು ಬಂದವರನ್ನೇ ತಿಂದುಹಾಕಿತು. ಅಂದಿನಿಂದ ಮಾರ್ಜಾಲ ಸನ್ಯಾಸಿ ಎಂಬುದು ಬೈಗುಳವಾಯಿತು. ಬೆಕ್ಕಿಗೆ ಮೊಸರನ್ನದ ದೀಕ್ಷೆ ಕೊಡುವಾಗ ನಾವು ಅದರ ಮೇಲೆ ನಿಜವಾದ ಸನ್ಯಾಸವನ್ನೇ ಹೇರಹೊರಡುತ್ತೇವೆ. ಅದರ ದೇಹ ಇದಕ್ಕೆ ಸಿದ್ಧವಾಗಿಲ್ಲ. ಟಾರೀನ್ ಎಂಬ ಸತ್ತ್ವ ಪ್ರಾಣಿಜನ್ಯ ಆಹಾರದಲ್ಲಿದೆ, ಧಾನ್ಯಗಳಲ್ಲಿಲ್ಲ. ಬೆಕ್ಕಿನ ದೇಹ ಅದನ್ನು ಸಾಕಷ್ಟು ತಯಾರಿಸಿಕೊಳ್ಳಲಾರದು. ಹಾಲಿನ ಸಸಾರಜನಕವಾದ ಕೇಸೀನನ್ನೇ ನೆಚ್ಚಿದ ಆಹಾರದ ಮೇಲಿಟ್ಟ ಬೆಕ್ಕುಗಳ ಅಕ್ಷಿಪಟಲ ಟಾರೀನಿನ ಕೊರತೆಯಿಂದ ಶಿಥಿಲವಾಗುತ್ತದೆಂದು ಹೇಯ್ಸ್ ಮತ್ತು ಅವರ ಸಂಗಡಿಗರು ೧೯೭೫ರಲ್ಲಿ ತೋರಿಸಿದರು. ಅದೇ ಕೊರತೆಯಿಂದ ಹೃದಯದ ಸ್ನಾಯುಗಳೂ ಸೋಲುತ್ತವೆಂಬುದನ್ನು ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಪಾಲ್ ಪಿಯಾನ್ ಮತ್ತು ಸಂಗಡಿಗರು ೧೯೮೭ರಲ್ಲಿ ಪ್ರಕಟಿಸಿದರು. ಸಿಹಿಯನ್ನು ಗುರುತಿಸುವ ಶಕ್ತಿಯೇ ಬೆಕ್ಕಿನ ನಾಲಗೆಗೆ ಇಲ್ಲವೆಂಬುದರ ಆನುವಂಶಿಕ ಕಾರಣ ೨೦೦೫ರಲ್ಲಿ ಬೆಳಕಿಗೆ ಬಂತು. ಮೊಮ್ಮಗನ ಬಿಸ್ಕತ್ತನ್ನು ಬೆಕ್ಕು ಮೆಚ್ಚಿದರೆ ಅದು ಕೊಬ್ಬಿನ ಆಕರ್ಷಣೆಯಿದ್ದೀತು, ಸಿಹಿಯದಂತೂ ಅಲ್ಲ.

ಹಾಗಾದರೆ ಮಾಂಸವನ್ನು ಮುಟ್ಟದ ಮನೆಯವರು ಬೆಕ್ಕನ್ನು ಇಟ್ಟುಕೊಳ್ಳಲೇಬಾರದೆ? ಇಟ್ಟುಕೊಳ್ಳಬಹುದು. ಬೆಕ್ಕಿಗೆ ಬೇಕಾದ ಸತ್ತ್ವಗಳನ್ನೆಲ್ಲ ಸೇರಿಸಿ ತಯಾರಿಸಿದ ಒಣ ಆಹಾರ ಅಂಗಡಿಗಳಲ್ಲಿ ದೊರೆಯುತ್ತದೆ. ಒಲೆ ಹಚ್ಚದೆ, ಪಾತ್ರೆ ಕೂಡಿಸದೆ ಅದನ್ನು ಬಡಿಸಬಹುದು. ಅದರಲ್ಲಿ ಮಾಂಸವಿದೆಯೆಂಬ ಅಷ್ಟನ್ನೂ ಒಪ್ಪಲಾರದ ಮನೆಯವರು ಮೊಲವನ್ನೋ ಹಸುವನ್ನೋ ಸಾಕುವುದು ಮೇಲು. ಅತಿಥಿಗೆ ಬಾಗಿಲು ತೆರೆದ ಮೇಲೆ ಅತಿಥಿಯ ಜಠರವನ್ನೂ ಒಪ್ಪಿಕೊಳ್ಳಬೇಕು.

ಇಷ್ಟಾಗಿಯೂ ಭೇದಿ ಬಂದಿತೆನ್ನೋಣ. ಆಗ ಮಾಡಬೇಕಾದುದೇನು? ನಮ್ಮ ಹಿರಿಯರಿಗೆ ಲಂಘನವೇ ಪರಮೌಷಧ. ಮನುಷ್ಯರ ಅಜೀರ್ಣಕ್ಕೆ ಅದು ಒಪ್ಪಬಹುದು, ಬೆಕ್ಕಿಗೆ ಒಪ್ಪದು. ಕೆಲವು ದಿನ ಅನ್ನ ಬಿಟ್ಟ ಬೆಕ್ಕಿನ ದೇಹ ತನ್ನ ಕೊಬ್ಬನ್ನು ಕರಗಿಸಿ ಯಕೃತ್ತಿಗೆ ಸಾಗಿಸುತ್ತದೆ. ಯಕೃತ್ತು ಅಷ್ಟನ್ನು ನಿಭಾಯಿಸಲಾರದೆ ತಾನೇ ಕೊಬ್ಬಿನಿಂದ ತುಂಬಿ ಕೆಲಸ ನಿಲ್ಲಿಸುತ್ತದೆ. ದಪ್ಪನೆಯ ಬೆಕ್ಕಿಗೆ ಈ ಅಪಾಯ ಹೆಚ್ಚು. ಚಿಕಿತ್ಸೆ ತಡವಾದರೆ ಪ್ರಾಣವೇ ಹೋಗಬಹುದು. ಆದ್ದರಿಂದ ಉಪವಾಸ ಕೆಡವುವುದಲ್ಲ, ಆಹಾರವನ್ನು ಸರಳಗೊಳಿಸುವುದು ಇಲ್ಲಿ ಸೂತ್ರ. ಹಾಲು, ತಿಂಡಿ, ಮನೆಯವರ ಎಂಜಲು ಎಲ್ಲವನ್ನೂ ಅಂದೇ ನಿಲ್ಲಿಸಬೇಕು. ಹಿಂದಿನ ಮನೆಯಲ್ಲಿ ತಿನ್ನುತ್ತಿದ್ದುದು ಯಾವುದೆಂದು ತಿಳಿದಿದ್ದರೆ ಅದೊಂದನ್ನೇ, ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ನಾಲ್ಕೈದು ಸಲ ಕೊಡಬೇಕು. ತಿಳಿಯದಿದ್ದರೆ, ಚರ್ಮವನ್ನೂ ಮೂಳೆಯನ್ನೂ ತೆಗೆದು ಬರಿಯ ನೀರಿನಲ್ಲಿ ಬೇಯಿಸಿದ ಕೋಳಿಯ ಮಾಂಸ ಎರಡು ಮೂರು ದಿನಕ್ಕೆ ಸಾಕು. ಉಪ್ಪು, ಒಗ್ಗರಣೆ ಕೂಡದು. ಈರುಳ್ಳಿ, ಬೆಳ್ಳುಳ್ಳಿಗಳಂತೂ ಬೆಕ್ಕಿನ ರಕ್ತಕಣಗಳನ್ನೇ ಒಡೆಯುವಂಥ ವಿಷ. ಬರಿಯ ಮಾಂಸದಲ್ಲಿ ಸುಣ್ಣದ ಅಂಶ ಬಹಳ ಕಡಮೆಯಾದ್ದರಿಂದ ಅದನ್ನೇ ನಿತ್ಯದ ಊಟ ಮಾಡಬಾರದು.

ಮಲ ಗಟ್ಟಿಯಾದ ಮೇಲೆ ಹೊಸ ಆಹಾರಕ್ಕೆ ಬದಲಾಯಿಸಬೇಕಾದರೆ ಒಂದು ವಾರದ ಲೆಕ್ಕ ಇಟ್ಟುಕೊಳ್ಳಬೇಕು. ಮೊದಲ ಎರಡು ದಿನ ಹೊಸದು ಕಾಲುಭಾಗ, ಹಳೆಯದು ಮುಕ್ಕಾಲು. ಮುಂದಿನೆರಡು ದಿನ ಅರ್ಧರ್ಧ. ಆಮೇಲೆ ಎರಡು ದಿನ ಹೊಸದು ಮುಕ್ಕಾಲು. ೭ನೆಯ ದಿನದಿಂದ ಪೂರ್ತಿ ಹೊಸದು. ನಡುವೆ ಮಲ ಸಡಿಲವಾದರೆ ಒಂದು ಮೆಟ್ಟಿಲು ಹಿಂದಕ್ಕೆ ಇಳಿಯಬೇಕು. ಅವಸರವೇನಿದೆ?

ನಮ್ಮ ಮನೆಗೆ ಬೂದುಬಣ್ಣದ ಹೆಣ್ಣು ಬೆಕ್ಕೊಂದು ಆರು ವಾರದ ಮಟ್ಟಿಗೆ ಬಂದಿತ್ತು. ಅದನ್ನು ತಂದೊಪ್ಪಿಸಿದ ಹುಡುಗಿ ಅದರ ಆಹಾರದ ಹೆಸರನ್ನೂ ಅಳತೆಯನ್ನೂ ಚೀಟಿಯಲ್ಲಿ ಬರೆದುಕೊಟ್ಟಿದ್ದಳು. ನಾವು ಅದನ್ನೇ ಅನುಸರಿಸುತ್ತಿದ್ದರೂ ೪ನೆಯ ದಿನ ಬೆಕ್ಕಿಗೆ ಭೇದಿ ಶುರುವಾಯಿತು. ನನ್ನಾಕೆ ಒಂದು ಹಳೆಯ ನೋಟುಪುಸ್ತಕದಲ್ಲಿ ಬೆಕ್ಕು ತಿಂದುದನ್ನೂ ಮರಳಿನ ತಟ್ಟೆಯಲ್ಲಿ ಕಂಡುದನ್ನೂ ಹೊತ್ತು ಸಮೇತ ಗುರುತುಹಾಕತೊಡಗಿದಳು. ಎರಡು ದಿನದ ಟಿಪ್ಪಣಿಯಿಂದಲೇ ಗುಟ್ಟು ಬಯಲಾಯಿತು: ಭೇದಿ ಯಾವಾಗಲೂ ಮಧ್ಯಾಹ್ನದ ಮೇಲೆ, ಬೆಳಗಿನ ಹೊತ್ತು ಇಲ್ಲ. ಹತ್ತು ಗಂಟೆಯ ವೇಳೆಗೆ ಹಿತ್ತಿಲ ಕಿಟಕಿಯಲ್ಲಿ ನೆರೆಮನೆಯ ಹಿರಿಯ ತಾಯಿಯೊಬ್ಬರು ತೆಂಗಿನ ಕರಟದಲ್ಲಿ ಹಾಲಿಟ್ಟು ಹೋಗುತ್ತಿದ್ದರು. “ಪಾಪ, ಮೂಕಪ್ರಾಣಿ, ಒಂದು ತೊಟ್ಟು ಹಾಲಿಗೆ ಏನಾದೀತು ಮೇಷ್ಟ್ರೇ?” ಎಂದರು. ನನ್ನಾಕೆ ನೋಟುಪುಸ್ತಕವನ್ನೇ ತೋರಿಸಿ, “ಏನಾಗಿದೆ ನೀವೇ ನೋಡಿ, ಅಮ್ಮ” ಎಂದಳು. ಅವರು ನಕ್ಕರು, ಕರಟ ಮತ್ತೆ ಕಾಣಿಸಲಿಲ್ಲ. ನಾಲ್ಕು ದಿನದಲ್ಲಿ ಬೆಕ್ಕು ಸರಿಹೋಯಿತು. ಔಷಧವೆಂದು ನಾವು ಏನನ್ನೂ ಕೊಡಬೇಕಾಗಲಿಲ್ಲ.

ಆದರೆ ಎಲ್ಲ ಭೇದಿಯೂ ಆಹಾರದ್ದೇ ಅಲ್ಲ. ಬೀದಿಯಿಂದ ಬಂದ ಬೆಕ್ಕಿನ ಹೊಟ್ಟೆಯಲ್ಲಿ ಜಂತುಹುಳು ಇರಬಹುದು. ಕಣ್ಣಿಗೆ ಕಾಣದ ಪರೋಪಜೀವಿಗಳಿರಬಹುದು. ಲಸಿಕೆ ಹಾಕದ ಮರಿಗಳಲ್ಲಿ ಜ್ವರ, ವಾಂತಿ, ಭೇದಿಗಳಾಗಿ ಕಾಣಿಸಿಕೊಂಡು ಬೇಗ ಕೊಲ್ಲುವ ವೈರಸ್ ರೋಗವೊಂದುಂಟು. ಮಲವನ್ನು ಪರೀಕ್ಷಿಸದೆ ಇವನ್ನು ಊಹೆಯಿಂದ ಹೇಳಲಾಗದು. ಬೆಕ್ಕಿನ ಪೂರ್ವಿಕರು ಪಶ್ಚಿಮ ಏಷ್ಯದ ಒಣನಾಡಿನ ಕಾಡುಬೆಕ್ಕುಗಳೆಂದು ೨೦೦೭ರ ಆನುವಂಶಿಕ ಅಧ್ಯಯನವೊಂದು ತೋರಿಸಿತು. ಆ ವಂಶದ ಗುಣವೆಂಬಂತೆ ಬೆಕ್ಕು ಹೆಚ್ಚು ನೀರು ಕುಡಿಯುವ ಪ್ರಾಣಿಯಲ್ಲ. ಭೇದಿಯಲ್ಲಿ ಹೋದ ನೀರನ್ನು ಅದು ತಾನಾಗಿಯೇ ತುಂಬಿಕೊಂಡೀತೆಂದು ನಂಬುವಂತಿಲ್ಲ. ಹೆಗಲ ಮೇಲಿನ ಚರ್ಮವನ್ನು ಮೆಲ್ಲಗೆ ಎತ್ತಿ ಬಿಟ್ಟರೆ ಅದು ಕೂಡಲೇ ಮೊದಲಿನಂತಾಗಬೇಕು. ನಿಧಾನವಾದರೆ ಅಥವಾ ಒಸಡು ಒಣಗಿದ್ದರೆ ದೇಹದಲ್ಲಿ ನೀರು ಬತ್ತುತ್ತಿದೆ ಎಂದರ್ಥ. ಮಲದಲ್ಲಿ ರಕ್ತ, ಮೇಲಿಂದ ಮೇಲೆ ವಾಂತಿ, ಜಡತೆ, ಒಂದು ದಿನವಿಡೀ ಆಹಾರ ಮುಟ್ಟದಿರುವುದು, ಎರಡು ದಿನ ಮೀರಿದ ಭೇದಿ, ಇವುಗಳಲ್ಲಿ ಯಾವುದು ಕಂಡರೂ ಪಶುವೈದ್ಯರಲ್ಲಿಗೆ ಒಯ್ಯಬೇಕು. ಮರಿಯಾದರೆ ಎರಡನೆಯ ದಿನದವರೆಗೂ ಕಾಯಕೂಡದು. ಅಂಗೈಯಷ್ಟು ದೇಹದಲ್ಲಿ ಎಷ್ಟು ನೀರು ತಾನೇ ಇದ್ದೀತು! ಮನುಷ್ಯರ ಮಾತ್ರೆಯನ್ನು ಪುಡಿಮಾಡಿ ಕೊಡುವ ಸಾಹಸವಂತೂ ಬೇಡವೇ ಬೇಡ. ನಮಗೆ ಸಾಧುವಾದ ಪ್ಯಾರಾಸಿಟಮಾಲ್ ಬೆಕ್ಕಿಗೆ ಮೃತ್ಯು.

ಆರೈಕೆಯ ಕೊನೆಯ ಕರ್ತವ್ಯ ಬೆಕ್ಕನ್ನು ಒಪ್ಪಿಸುವ ದಿನದ್ದು. ಹೊಟ್ಟೆ ಕೆಟ್ಟ ಬೆಕ್ಕು ಹೊಸ ಮನೆಯಲ್ಲಿ ಮೊದಲ ರಾತ್ರಿಯೇ ಹಾಸಿಗೆ ಕೆಡಿಸಿದರೆ ಅಲ್ಲಿಯವರ ಉತ್ಸಾಹ ಎಷ್ಟು ದಿನ ಉಳಿದೀತು? ತಿರಸ್ಕೃತವಾಗಿ ಮರಳಿದ ಬೆಕ್ಕಿಗೆ ಇನ್ನೊಂದು ಮನೆ ಸಿಕ್ಕುವುದು ಸುಲಭವಲ್ಲ. ಆದ್ದರಿಂದ ಬೆಕ್ಕಿನೊಡನೆ ಅದು ತಿನ್ನುವ ಆಹಾರವನ್ನು ಒಂದು ವಾರಕ್ಕಾಗುವಷ್ಟು ಕಟ್ಟಿಕೊಡಬೇಕು. ಅಳತೆ, ವೇಳೆ, ಒಗ್ಗದ ಪದಾರ್ಥ, ಜಂತುಹುಳುವಿನ ಔಷಧ ಕೊಟ್ಟ ದಿನ, ಇವನ್ನು ಒಂದು ಹಾಳೆಯಲ್ಲಿ ಬರೆದುಕೊಡಬೇಕು. ತವರಿನಿಂದ ಹೊರಟವಳಿಗೆ ಮಡಿಲು ತುಂಬುವಂತೆ ಎನ್ನಿ.

ಶ್ರೀವೈಷ್ಣವ ಆಚಾರ್ಯರು ಶರಣಾಗತಿಯನ್ನು ಕುರಿತು ಚರ್ಚಿಸುವಾಗ ಎರಡು ದೃಷ್ಟಾಂತಗಳನ್ನು ಬಳಸಿದರು. ಕೋತಿಯ ಮರಿ ತನ್ನ ಬಲದಿಂದ ತಾಯಿಯನ್ನು ಅವಚಿಕೊಂಡಿರುತ್ತದೆ. ಅದು ಮರ್ಕಟಕಿಶೋರ ನ್ಯಾಯ. ಬೆಕ್ಕಿನ ಮರಿ ಏನನ್ನೂ ಮಾಡುವುದಿಲ್ಲ, ತಾಯಿಯೇ ಅದನ್ನು ಬಾಯಲ್ಲಿ ಕಚ್ಚಿ ಒಯ್ಯುತ್ತದೆ. ಅದು ಮಾರ್ಜಾಲಕಿಶೋರ ನ್ಯಾಯ. ಹಿಡಿತ ಸಡಿಲಿದರೆ ಮರಿ ಬೀಳುತ್ತದೆ. ಬಿಗಿಯಾದರೆ ಹಲ್ಲು ನಾಟುತ್ತದೆ. ಅಳತೆ ತಪ್ಪದಂತೆ ನೋಡಿಕೊಳ್ಳುವ ಹೊಣೆಯೆಲ್ಲ ಎತ್ತಿಕೊಂಡವರದು. ಪರರ ಜೀವವೊಂದನ್ನು ಕೆಲವು ವಾರಕ್ಕಾದರೂ ಎತ್ತಿಕೊಂಡವರು ಪ್ರೀತಿಯ ಜೊತೆಗೆ ಆ ಅಳತೆಯನ್ನೂ ಕಲಿಯುವುದು ಒಳ್ಳೆಯದು.