ಮೈಲುತುತ್ತದ ವರ್ಣಪರಿವರ್ತನೆ



ಬಣ್ಣವೆಂಬುದು ಕಣ್ಣಿನ ವಿಷಯ. ರೇಡಿಯೋ ಕಿವಿಯ ಸಾಧನ. ಆದುದರಿಂದ ಈ ಭಾಷಣಕ್ಕೆ ತಮ್ಮ ಕಲ್ಪನೆಯ ಸಹಾಯವನ್ನು ಬೇಡುತ್ತೇನೆ.

ಮೈಲುತುತ್ತವನ್ನು ತಾವೆಲ್ಲರೂ ಬಲ್ಲಿರಿ. ನವಿಲಿನ ಕೊರಳಿನ ಬಣ್ಣವನ್ನು ಹೋಲುವುದರಿಂದ ಸಂಸ್ಕೃತದಲ್ಲಿ ಇದಕ್ಕೆ ಮಯೂರತುತ್ಥವೆಂದು ಹೆಸರು. ಇದು ತಾಮ್ರ ಮತ್ತು ಗಂಧಕಾಮ್ಲಗಳ ಲವಣ. ಇದರ ಹರಳನ್ನು ಪ್ರಣಾಳದಲ್ಲಿಟ್ಟು ಕಾಯಿಸಿದರೆ ಅದರೊಳಗೆ ಅಡಗಿದ್ದ ನೀರು ಆವಿಯಾಗಿ ಹೋಗಿ, ನೀಲಿಯು ಅಳಿದು, ಬಿಳಿಯ ಪುಡಿ ಉಳಿಯುತ್ತದೆ. ಆರಿದ ಮೇಲೆ ಒಂದು ಹನಿ ನೀರು ಬಿದ್ದರೆ ಸಾಕು, ನೀಲಿಯು ಮರಳಿ ಬರುತ್ತದೆ. ಹಾಗಾದರೆ ಈ ನೀಲಿಯು ತಾಮ್ರವೊಂದರದೇ ಸ್ವತ್ತಲ್ಲ. ತಾಮ್ರವು ನೀರಿನೊಡನೆ ಕೂಡಿದಾಗ ಬೆಳಕಿನಲ್ಲಿಯ ಕೆಂಪು ಭಾಗವನ್ನು ಹೀರಿಕೊಳ್ಳುವುದರಿಂದ ನಮಗೆ ನೀಲಿ ತೋರುತ್ತದೆ. ಸಂಗಾತಿ ಬದಲಾದರೆ ಬಣ್ಣವೂ ಬದಲಾಗುವುದು. ಇದರ ದ್ರಾವಣಕ್ಕೆ ಅಮೋನಿಯಾವನ್ನು ಹನಿಹನಿಯಾಗಿ ಬೆರೆಸಿದರೆ ಮೊದಲು ತಿಳಿನೀಲಿಯ ಗಷ್ಟು ಕಾಣಿಸಿಕೊಂಡು, ಇನ್ನಷ್ಟು ಬೆರೆಸಲು ಅದು ಕರಗಿ ಗಾಢನೀಲಿಯಾಗುತ್ತದೆ. ಪ್ರಬಲ ಹೈಡ್ರೋಕ್ಲೋರಿಕ್ ಆಮ್ಲವನ್ನು ಬೆರೆಸಿದರೆ ಹಸುರಾಗುತ್ತದೆ.

ಇದು ಪ್ರಯೋಗಶಾಲೆಯ ವಿನೋದ ಮಾತ್ರವೆಂದು ತಿಳಿಯಬಾರದು. ಬೆಳಗಾವಿ ಜಿಲ್ಲೆಯ ಕೊಕಟನೂರು ಇರುವ ಅಥಣಿ ತಾಲ್ಲೂಕು ದ್ರಾಕ್ಷಿ ಬೆಳೆಯುವ ಸೀಮೆ. ಮೋಡ ಕವಿದು ಎಲೆ ಒದ್ದೆಯಾಗಿ ನಿಂತರೆ ಬಳ್ಳಿಗೆ ಬೂಜುರೋಗ ತಗಲುವ ಭಯ. ಅದಕ್ಕೆ ಹಳೆಯ ಮದ್ದು ಬೋರ್ಡೋ ಮಿಶ್ರಣ. ಎಂದರೆ ಮೈಲುತುತ್ತ ಮತ್ತು ಸುಣ್ಣ. ಫ್ರಾನ್ಸಿನಲ್ಲಿ ದಾರಿಹೋಕರು ಹಣ್ಣು ಕದಿಯದಿರಲೆಂದು ಬಳಿದಿದ್ದ ಈ ಮಿಶ್ರಣವು ರೋಗವನ್ನೂ ತಡೆದುದನ್ನು ಮಿಲಾರ್ಡೆ ಎಂಬ ವಿದ್ವಾಂಸನು ಕಂಡು, 1885ರಲ್ಲಿ ಪ್ರಕಟಿಸಿದನು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಡಾ. ಲೆಸ್ಲಿ ಕೋಲ್ಮನ್ನರು ಮಲೆನಾಡಿನ ಅಡಕೆಯ ಕೊಳೆರೋಗಕ್ಕೆ ಇದನ್ನೇ ಪ್ರಯೋಗಿಸಿದರು.

ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬುದು ವಾಡಿಕೆಯ ಪ್ರಮಾಣ. ಎರಡನ್ನೂ ಬೇರೆಬೇರೆಯಾಗಿ ಕರಗಿಸಿ ಕೂಡಿಸಿದಾಗ ಆಕಾಶವರ್ಣದ ಮಿಶ್ರಣವಾಗುತ್ತದೆ. ಆದರೆ ಸುಣ್ಣವು ಹಳೆಯದಾಗಿ ಸತ್ವಹೀನವಾಗಿದ್ದರೆ ತಾಮ್ರವೆಲ್ಲ ಬಂಧಿತವಾಗದೆ ಸ್ವಲ್ಪ ಭಾಗ ನೀರಿನಲ್ಲಿಯೇ ಉಳಿಯುವುದು; ಅದು ಎಳೆಯ ಎಲೆಯನ್ನು ಸುಡುವುದು. ಬೆಳೆಯನ್ನು ಕಾಯಬೇಕಾದ ಮದ್ದೇ ಬೆಳೆಗೆ ಮುಳುವಾಗುವುದು!

ಇದನ್ನು ಕಂಡುಹಿಡಿಯಲು ರೈತನಿಗೆ ಪ್ರಯೋಗಶಾಲೆ ಬೇಕಿಲ್ಲ. ಹೊಳೆಯುವ ಒಂದು ಕಬ್ಬಿಣದ ಚಾಕು ಸಾಕು. ಅದನ್ನು ಮಿಶ್ರಣದಲ್ಲಿ ಕೊಂಚಹೊತ್ತು ಅದ್ದಿ ತೆಗೆಯಬೇಕು. ಅಲಗಿನ ಮೇಲೆ ಕೆಂಪು ಲೇಪ ಕಂಡರೆ ಕಬ್ಬಿಣವು ಕರಗಿ, ಅದರ ಸ್ಥಾನದಲ್ಲಿ ತಾಮ್ರವು ಕುಳಿತಿದೆಯೆಂದರ್ಥ. ಆಗ ಇನ್ನಷ್ಟು ಸುಣ್ಣದ ತಿಳಿಯನ್ನು ಬೆರೆಸಿ ಪುನಃ ಪರೀಕ್ಷಿಸತಕ್ಕದ್ದು. ಅಲಗು ಹೊಳಪುಗೆಡದೆ ಬಂದರೆ ಸಿಂಪಡಿಸಬಹುದು. ಈ ಕಾರಣದಿಂದಲೇ ಮಿಶ್ರಣವನ್ನು ಕಬ್ಬಿಣದ ಪಾತ್ರೆಯಲ್ಲಿ ಮಾಡಕೂಡದು. ಮಾಡಿದ ದಿನವೇ ಬಳಸಿಬಿಡಬೇಕು.

ಮೈಲುತುತ್ತವು ವಿಷವಸ್ತುವೆಂಬುದನ್ನು ಮರೆಯದೆ, ಮಕ್ಕಳ ಕೈಗೆ ನಿಲುಕದಂತೆ ಇಡಬೇಕು. ಮುಂದೆ ತಾವು ದ್ರಾಕ್ಷಿಯ ಗೊಂಚಲನ್ನು ಕೊಳ್ಳುವಾಗ, ಅದರ ಹಿಂದೆ ಒಬ್ಬ ರೈತನು ಚಾಕುವಿನ ಅಲಗನ್ನು ಬಿಸಿಲಿಗೆ ಹಿಡಿದು, ಕೆಂಪಿದೆಯೇ ಎಂದು ಕಣ್ಣಿಟ್ಟು ನೋಡಿದ ಒಂದು ಕ್ಷಣವಿರಬಹುದೆಂದು ನೆನೆಯಿರಿ. ವರ್ಷದ ದುಡಿಮೆಯೆಲ್ಲ ಆ ಒಂದು ಬಣ್ಣವನ್ನು ಅವಲಂಬಿಸಿರುತ್ತದೆ.